ಗುಡೇಕೋಟೆಯ ಕರಡಿಯೂ 'ಸೋಮಾರಿ' ಎಂಬ ಹಣೆಪಟ್ಟಿಯೂ

ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಚರಿತ್ರೆಯ ವಿದ್ಯಾರ್ಥಿಗಳು ಪಾಳೆಯಗಾರರ ನೆಲೆಯೆಂದು ಬಲ್ಲರು. ಬಂಡೆಗಲ್ಲಿನ ಬೆಟ್ಟ, ಅದರ ಮೇಲಣ ಕೋಟೆ, ಸುತ್ತ ಕುರುಚಲು ಕಾಡು, ನಡುನಡುವೆ ಮಳೆಯನ್ನೇ ನಂಬಿದ ಹೊಲಗಳು ಇಲ್ಲಿನ ನೋಟ. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಊರೆಂಬುದು ಈ ಸೀಮೆಯ ಜನರ ನಂಬಿಕೆ. ಧಾನ್ಯ ಕುಟ್ಟುವ ಒನಕೆಯನ್ನೇ ಆಯುಧವಾಗಿಸಿಕೊಂಡ ಹೆಣ್ಣುಮಗಳನ್ನು ತನ್ನವಳೆಂದು ಹೇಳಿಕೊಳ್ಳುವ ಊರಿಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಗುರುತು ಸೇರಿದೆ. 2013ರಲ್ಲಿ ಇಲ್ಲಿನ ಸುಮಾರು 38 ಚದರ ಕಿಲೋಮೀಟರ್ ಅರಣ್ಯವನ್ನು ಕರಡಿಧಾಮವೆಂದು ಘೋಷಿಸಲಾಯಿತು. 1994ರಲ್ಲಿ ರೂಪುಗೊಂಡ ದರೋಜಿ ಕರಡಿಧಾಮದ ಬಳಿಕ ಈ ಸೀಮೆಯಲ್ಲಿ ಕರಡಿಗಾಗಿಯೇ ಮೀಸಲಾದ ಇನ್ನೊಂದು ಕಾಡು ಇದು.

ಕನ್ನಡದಲ್ಲಿ ಇದು 'ಕರಡಿಧಾಮ'. ಇಂಗ್ಲಿಷಿನಲ್ಲಿ ಮಾತ್ರ ಇದೇ ಕಾಡು 'ಸ್ಲಾತ್ ಬೇರ್' ಧಾಮವಾಗುತ್ತದೆ. 'ಸ್ಲಾತ್' ಎಂದರೆ ಆಲಸ್ಯ, ಸೋಮಾರಿತನ, ಜಡತೆ. ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ 'ಸೋಮಾರಿ ಕರಡಿ' ಎಂದಾಗುತ್ತದೆ. ರಾತ್ರಿಯೆಲ್ಲ ಅಲೆದು ಕಲ್ಲಿನಂತೆ ಗಟ್ಟಿಯಾದ ಹುತ್ತವನ್ನು ಉಗುರಿನಿಂದ ಅಗೆದು ಹೊಟ್ಟೆ ಹೊರೆಯುವ ಪ್ರಾಣಿಗೆ ಈ ಹೆಸರು ಹೇಗೆ ಅಂಟಿತು? ಒಂದು ಭಾಷೆಯ ನೀತಿಶಾಸ್ತ್ರ ಮತ್ತೊಂದು ನಾಡಿನ ಪ್ರಾಣಿಯ ಹಣೆಬರಹವಾದ ಕಥೆ ಇದರ ಹಿಂದಿದೆ. ಆ ಕಥೆಯನ್ನು ಮೂಲದಿಂದ ಹಿಡಿದು ನೋಡುವುದು ಈ ಬರಹದ ಉದ್ದೇಶ.

ನಿಧಾನವು ಪಾಪವಾದ ಬಗೆ

'ಸ್ಲಾತ್' ಎಂಬ ಇಂಗ್ಲಿಷ್ ಪದದ ಒಡಲಲ್ಲಿರುವುದು 'ಸ್ಲೋ', ಅಂದರೆ ನಿಧಾನ ಎಂಬ ಗುಣವಾಚಕ. ಭಾವನಾಮ ಪ್ರತ್ಯಯ ಸೇರಿ 'ನಿಧಾನತೆ' ಎಂಬರ್ಥದ ಶಬ್ದ ಹುಟ್ಟಿತು. ಮೂಲದಲ್ಲಿ ಅದು ಗತಿಯನ್ನು ಹೇಳುವ ಮಾತು. ಅದಕ್ಕೆ ಪಾಪದ ಭಾರ ಬಂದದ್ದು ಕ್ರೈಸ್ತ ಸನ್ಯಾಸಿಗಳ ಪರಂಪರೆಯ ಮೂಲಕ.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಏಕಾಂತ ತಪಸ್ಸು ಮಾಡುತ್ತಿದ್ದ ಸನ್ಯಾಸಿಗಳಿಗೆ ಒಂದು ವಿಚಿತ್ರ ಬೇಸರ ಕಾಡುತ್ತಿತ್ತು. ಸೂರ್ಯ ಚಲಿಸುತ್ತಲೇ ಇಲ್ಲವೆನ್ನಿಸುವುದು, ಕೋಣೆಯ ಕಿಂಡಿಯತ್ತ ಕಣ್ಣು ಹೊರಳುವುದು, ಇದ್ದ ಸ್ಥಳವೂ ಹಿಡಿದ ವ್ರತವೂ ಸಾಕೆನಿಸುವುದು ಅದರ ಲಕ್ಷಣಗಳು. ಈ ಅವಸ್ಥೆಯನ್ನು ಗ್ರೀಕ್ ಭಾಷೆಯಲ್ಲಿ 'ಅಕೇಡಿಯಾ' ಎಂದು ಕರೆದರು. ಇವಾಗ್ರಿಯಸ್ ಎಂಬ ಸಾಧಕ ಮನಸ್ಸನ್ನು ಕೆಡಿಸುವ ಎಂಟು ದುರ್ವಿಚಾರಗಳ ಪಟ್ಟಿಯಲ್ಲಿ ಇದನ್ನು ಸೇರಿಸಿ, ನಡುಹಗಲಿನಲ್ಲಿ ಬರುವ ದೆವ್ವದ ಕಾಟವೆಂದು ಬಣ್ಣಿಸಿದ. ಅವನ ವಿಚಾರಗಳನ್ನು ಜಾನ್ ಕ್ಯಾಸಿಯನ್ ಪಶ್ಚಿಮಕ್ಕೆ ತಲುಪಿಸಿದ. ಆರನೆಯ ಶತಮಾನದ ಕೊನೆಯ ಹೊತ್ತಿಗೆ ಪೋಪ್ ಗ್ರೆಗರಿ ಈ ಪಟ್ಟಿಯನ್ನು ಏಳು ಮೂಲಪಾಪಗಳಾಗಿ ಮರುಜೋಡಿಸಿದ. ಮುಂದೆ ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಕೂಡ ಇದನ್ನು ಆತ್ಮದ ಒಳಿತಿನ ಬಗೆಗೆ ಹುಟ್ಟುವ ಒಂದು ಬಗೆಯ ದುಃಖವೆಂದೇ ವಿವರಿಸಿದ.

ಇಲ್ಲಿಯವರೆಗೆ ಈ ಪದ ಒಳಮನಸ್ಸಿನ ಸಂಕಟವೊಂದರ ಹೆಸರು. ಇಂಗ್ಲಿಷ್ ಭಾಷೆ ಇದಕ್ಕೆ 'ನಿಧಾನತೆ' ಎಂಬರ್ಥದ ತನ್ನ ಪದವನ್ನು ಆಯ್ದುಕೊಂಡಾಗ ಸೂಕ್ಷ್ಮವಾದ ಪಲ್ಲಟವೊಂದು ನಡೆಯಿತು. ಮನಸ್ಸಿನೊಳಗೆ ಇದ್ದ ದೋಷ ದೇಹದ ಚಲನೆಗೆ ಇಳಿಯಿತು. ಒಳಗಿನ ಉತ್ಸಾಹಹೀನತೆಯನ್ನು ಹೊರಗಿನಿಂದ ಅಳೆಯಲು ಬಾರದು. ನಿಧಾನವನ್ನಾದರೋ ಯಾರು ಬೇಕಾದರೂ ಕಣ್ಣಾರೆ ನೋಡಿ ತೀರ್ಪು ಕೊಡಬಹುದು.

ಇದೇ ಪರಂಪರೆಯ ಇನ್ನೊಂದು ಕವಲು, ಬರಿದಾದ ತಲೆಯು ಸೈತಾನನ ಕಾರ್ಖಾನೆ ಎಂಬ ಜನಪ್ರಿಯ ಇಂಗ್ಲಿಷ್ ನಾಣ್ಣುಡಿ. ಐದನೆಯ ಶತಮಾನದ ಆರಂಭದಲ್ಲಿ ಸಂತ ಜೆರೋಮ್ ತನ್ನ ಪತ್ರವೊಂದರಲ್ಲಿ, ಸೈತಾನನು ಬಂದಾಗ ನೀನು ಸದಾ ಕೆಲಸದಲ್ಲಿ ನಿರತನಾಗಿರುವುದೇ ಅವನಿಗೆ ಕಾಣಲಿ ಎಂಬ ಆಶಯದ ಬುದ್ಧಿವಾದ ಹೇಳಿದ್ದಾನೆ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಆ ಮಾತನ್ನು ಇಂಗ್ಲಿಷಿಗೆ ತಂದ. ಸೋಮಾರಿಯ ದೇಹ ಮತ್ತು ಮಿದುಳುಗಳು ಸೈತಾನನ ಅಂಗಡಿ ಎಂಬ ರೂಪ 1603ರಲ್ಲಿ ಅಚ್ಚಾದ ವಿಲಿಯಂ ಪರ್ಕಿನ್ಸ್‌ನ ಕೃತಿಸಂಪುಟದಲ್ಲಿ ದೊರೆಯುತ್ತದೆ. ಅಂಗಡಿ ಮುಂದೆ ಕಾರ್ಖಾನೆಯಾಯಿತು. 1715ರಲ್ಲಿ ಐಸಾಕ್ ವಾಟ್ಸ್ ಮಕ್ಕಳಿಗಾಗಿ ಬರೆದ ಧಾರ್ಮಿಕ ಗೀತೆಗಳ ಪುಸ್ತಕ ಈ ಭಾವನೆಯನ್ನು ಇಂಗ್ಲೆಂಡಿನ ಮನೆಮನೆಯ ಪಾಠವಾಗಿಸಿತು. ಹದಿನೆಂಟನೆಯ ಶತಮಾನದ ಆಂಗ್ಲ ವಿದ್ವಾಂಸನೊಬ್ಬನ ಬಾಯಲ್ಲಿ 'ಸ್ಲಾತ್' ಎಂಬ ಪದ ಬಂದರೆ ಅದರ ಹಿಂದೆ ಇಷ್ಟೆಲ್ಲ ಧಾರ್ಮಿಕ ಎಚ್ಚರಿಕೆಗಳ ಪ್ರತಿಧ್ವನಿ ಇರುತ್ತಿತ್ತು.

ಪಾಪದ ಹೆಸರು ಪ್ರಾಣಿಗೆ

ಐರೋಪ್ಯರು ಅಮೆರಿಕ ಖಂಡವನ್ನು ತಲುಪಿದಾಗ ಅಲ್ಲಿನ ಮಳೆಕಾಡುಗಳಲ್ಲಿ ಮರದ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು, ಅತ್ಯಂತ ಮೆಲ್ಲನೆ ಚಲಿಸುವ ಪ್ರಾಣಿಯೊಂದನ್ನು ಕಂಡರು. ಸ್ಪೇನಿನ ಒವಿಯೆಡೊ 1526ರ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಸ್ಪ್ಯಾನಿಷರು ಅದಕ್ಕೆ ವ್ಯಂಗ್ಯವಾಗಿ ಚುರುಕುತನದ ಹೆಸರನ್ನೇ ಇಟ್ಟಿದ್ದರು. ಪೋರ್ಚುಗೀಸರು ನೇರವಾಗಿ ತಮ್ಮ ಭಾಷೆಯ ಸೋಮಾರಿತನದ ಪದವನ್ನು ಬಳಸಿದರು. ಇಂಗ್ಲಿಷರೂ ತಮ್ಮ ಪಾಪಗಳ ಪಟ್ಟಿಯಿಂದ 'ಸ್ಲಾತ್' ಅನ್ನು ಎತ್ತಿ ಅದರ ಮೇಲಿಟ್ಟರು. 1758ರಲ್ಲಿ ಲಿನೇಯಸ್ ಇದನ್ನು 'ಬ್ರಾಡಿಪಸ್' ಎಂಬ ಕುಲನಾಮದಲ್ಲಿ ದಾಖಲಿಸಿದ. ಗ್ರೀಕಿನಲ್ಲಿ ಅದರ ಅರ್ಥ ಮಂದಪಾದ. ಫ್ರಾನ್ಸಿನ ಪ್ರಕೃತಿವಿಜ್ಞಾನಿ ಬ್ಯುಫೊನ್, ಈ ಪ್ರಾಣಿಯ ರಚನೆಯೇ ದೋಷಪೂರ್ಣವೆಂದೂ ಇನ್ನೊಂದು ಕೊರತೆ ಸೇರಿದ್ದರೆ ಅದು ಉಳಿಯುತ್ತಲೇ ಇರಲಿಲ್ಲವೆಂದೂ ಅಭಿಪ್ರಾಯಪಟ್ಟ. ಎಲೆಗಳಂಥ ಕಡಿಮೆ ಸತ್ತ್ವದ ಆಹಾರದಿಂದ ಬದುಕಲು ದೇಹವು ಶಕ್ತಿಯನ್ನು ಹಿತಮಿತವಾಗಿ ವ್ಯಯಿಸುವ ಉಪಾಯವೇ ಆ ನಿಧಾನವೆಂಬುದು ಇಂದಿನ ವಿಜ್ಞಾನದ ತಿಳಿವಳಿಕೆ. ಅಂದು ಕಂಡದ್ದು ಮಿತವ್ಯಯ, ಬರೆದದ್ದು ಪಾಪ.

ಇದರ ಮುಂದಿನ ಹೆಜ್ಜೆಯೇ ನಮ್ಮ ಕರಡಿಯ ಪ್ರಸಂಗ. 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ ಭಾರತದಿಂದ, ಪಾಟ್ನಾ ಕಡೆಯಿಂದ, ಬಂದ ಪ್ರಾಣಿಯೊಂದನ್ನು ವರ್ಣಿಸಿ ಅದಕ್ಕೆ 'ಬ್ರಾಡಿಪಸ್ ಉರ್ಸಿನಸ್' ಎಂದು ಹೆಸರಿಟ್ಟ. 'ಕರಡಿಯಂತಿರುವ ಮಂದಪಾದ' ಎಂಬುದು ಅದರ ತಾತ್ಪರ್ಯ. ಅವನ ಮುಂದಿದ್ದ ಆಧಾರಗಳು ಎರಡು: ಉದ್ದವಾದ, ಬಾಗಿದ ಉಗುರುಗಳು, ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲದ ತೆರವು. ಅಮೆರಿಕದ ಮಂದಪಾದಕ್ಕೂ ಉದ್ದ ಉಗುರುಗಳಿವೆ, ಅದಕ್ಕೂ ಬಾಚಿಹಲ್ಲುಗಳಿಲ್ಲ. ಆದ್ದರಿಂದ ಎರಡೂ ಒಂದೇ ಬಳಗದವು ಎಂಬುದು ಅವನ ತರ್ಕ. ಈ ಪ್ರಾಣಿ ನಡೆಯುವುದನ್ನಾಗಲಿ ಅಗೆಯುವುದನ್ನಾಗಲಿ ಅದರ ಕಾಡಿನಲ್ಲಿ ನಿಂತು ನೋಡಿದವನ ತೀರ್ಪು ಇದಾಗಿರಲಿಲ್ಲ. ಆಲಸ್ಯದ ಆರೋಪಕ್ಕೆ ಸಾಕ್ಷಿಯಾಗಿ ನಿಂತದ್ದು ಒಂದು ದವಡೆ, ಒಂದು ಹಿಡಿ ಉಗುರು.

ತಿದ್ದುಪಡಿಗೆ ತಡವಾಗಲಿಲ್ಲ. 1793ರಲ್ಲಿಯೇ ಮೇಯರ್ ಎಂಬಾತ ಇದನ್ನು 'ಮೆಲುರ್ಸಸ್' ಎಂಬ ಬೇರೆ ಕುಲಕ್ಕೆ ಸೇರಿಸಿದ. ಅದರಲ್ಲಿ ಜೇನಿನ ಸೂಚನೆಯೂ ಕರಡಿಯ ಹೆಸರೂ ಇವೆ. 1817ರಲ್ಲಿ ಫ್ರಾನ್ಸಿನ ಬ್ಲಾನ್ವಿಲ್, ಉದ್ದ ತುಟಿಯ ಕರಡಿ ಎಂಬರ್ಥದ ಹೆಸರು ಸೂಚಿಸಿದ. ಇಂದು ಶಾಸ್ತ್ರೀಯವಾಗಿ ಬಳಕೆಯಲ್ಲಿರುವ 'ಮೆಲುರ್ಸಸ್ ಉರ್ಸಿನಸ್' ಎಂಬ ಜೋಡಿನಾಮದಲ್ಲಿ ಆಲಸ್ಯದ ಲವಲೇಶವೂ ಇಲ್ಲ. ಆಡುಮಾತಿನ ಇಂಗ್ಲಿಷ್ ಮಾತ್ರ ಪದಗಳ ಕ್ರಮವನ್ನು ತಿರುಗಿಸಿ, ಕರಡಿಯಂಥ ಸೋಮಾರಿಯನ್ನು ಸೋಮಾರಿಯಾದ ಕರಡಿಯಾಗಿ ಮಾಡಿಕೊಂಡು ತೃಪ್ತವಾಯಿತು.

ನಮ್ಮಲ್ಲೊಂದು ಕಥೆಯಿದೆ. ಹೊಳೆಯಲ್ಲಿ ತೇಲಿಬರುತ್ತಿದ್ದ ಕರಡಿಯನ್ನು ಕರಿಯ ಕಂಬಳಿಯೆಂದು ಭಾವಿಸಿ ಒಬ್ಬ ನೀರಿಗೆ ಹಾರಿದ. ಕರಡಿ ಅವನನ್ನು ಬಿಗಿದಪ್ಪಿತು. ದಡದಲ್ಲಿದ್ದವರು ಕಂಬಳಿಯನ್ನು ಬಿಟ್ಟು ಬಾ ಎಂದು ಕೂಗಿದರೆ, ನಾನು ಬಿಟ್ಟರೂ ಕಂಬಳಿ ನನ್ನನ್ನು ಬಿಡುತ್ತಿಲ್ಲವಲ್ಲ ಎಂದನಂತೆ. ಶಾ ಮಹಾಶಯನ ನಾಮಕರಣಕ್ಕೆ ಇದಕ್ಕಿಂತ ತಕ್ಕ ಟಿಪ್ಪಣಿ ದೊರೆಯಲಾರದು. ಕರಡಿಯನ್ನು ಮತ್ತೊಂದು ವಸ್ತುವೆಂದು ತಿಳಿದು ಹಿಡಿದದ್ದೂ ಹಾಗೆಯೇ, ಹಿಡಿದವರು ಬಿಟ್ಟರೂ ಬಿಡದ ಹೆಸರೂ ಹಾಗೆಯೇ.

ಹುತ್ತದ ಮುಂದಿನ ದುಡಿಮೆ

ಶಾ ಕಂಡ ಎರಡು ಲಕ್ಷಣಗಳ ನಿಜವಾದ ಪ್ರಯೋಜನವನ್ನು ಗುಡೇಕೋಟೆಯ ಕಾಡು ತೋರಿಸುತ್ತದೆ. ಇಲ್ಲಿನ ಕಣಶಿಲೆಯ ಗುಡ್ಡಗಳ ಸಂದಿಗಳಲ್ಲಿ, ಗವಿಗಳಲ್ಲಿ ಕರಡಿ ಬಿಸಿಲಿನ ಹೊತ್ತನ್ನು ಕಳೆಯುತ್ತದೆ. ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ಈ ಬಂಡೆನಾಡಿನಲ್ಲಿ ದಪ್ಪ ಕರಿಕೂದಲಿನ ಪ್ರಾಣಿ ಹಗಲು ನೆರಳು ಹಿಡಿಯುವುದು ವಿವೇಕ. ಸಂಜೆಯಾಗುತ್ತಲೇ ಅದರ ದಿನ ಆರಂಭವಾಗುತ್ತದೆ. ಕವಳೆ, ಬಾರೆ, ಸೀತಾಫಲದಂಥ ಹಣ್ಣುಗಳು ಆಯಾ ಕಾಲಕ್ಕೆ ದೊರೆಯುತ್ತವೆ, ಜೇನೂ ಸಿಗುತ್ತದೆ. ಆದರೆ ವರ್ಷದ ಬಹುಕಾಲ ಅದನ್ನು ಪೊರೆಯುವುದು ಗೆದ್ದಲು ಮತ್ತು ಇರುವೆಗಳು.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆಯಲ್ಲಿ ನಾವು ಗೆದ್ದಲಿನ ಶ್ರಮವನ್ನೂ ಹಾವಿನ ಅತಿಕ್ರಮಣವನ್ನೂ ಸ್ಮರಿಸುತ್ತೇವೆ. ಆ ಹುತ್ತವನ್ನು ಒಡೆಯಲು ಬೇಕಾದ ಶ್ರಮದ ಲೆಕ್ಕ ಆ ಗಾದೆಯಲ್ಲಿಲ್ಲ. ಒಣಗಿದ ಹುತ್ತವನ್ನು ಹಾರೆಯಿಂದ ಅಗೆದು ನೋಡಿದವರಿಗೆ ಅದರ ಗಟ್ಟಿತನ ಗೊತ್ತು. ಮೂರು ನಾಲ್ಕು ಅಂಗುಲದ ಆ ಬಾಗಿದ ಉಗುರುಗಳು ಕರಡಿಯ ಹಾರೆ, ಗುದ್ದಲಿ. ಗೂಡು ತೆರೆದ ಮೇಲೆ ಅದು ಮೊದಲು ಉಸಿರನ್ನು ಜೋರಾಗಿ ಊದಿ ಮಣ್ಣು ಧೂಳನ್ನು ಹಾರಿಸುತ್ತದೆ. ಅನಂತರ ಮೂಗಿನ ಹೊಳ್ಳೆಗಳನ್ನು ಮುಚ್ಚಿ, ಉದ್ದನೆಯ ತುಟಿಗಳನ್ನು ಕೊಳವೆಯಂತೆ ಮಾಡಿ ಗೆದ್ದಲನ್ನು ಒಳಗೆಳೆಯುತ್ತದೆ. ಆಗ ಶಾ ಕಂಡ ಆ ತೆರವು ಉಪಯೋಗಕ್ಕೆ ಬರುತ್ತದೆ. ಬೇರೆ ಕರಡಿಗಳಿಗೆ 42 ಹಲ್ಲುಗಳಿದ್ದರೆ ಬೆಳೆದ ಈ ಕರಡಿಗೆ 40. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲದ ಜಾಗವೇ ಗೆದ್ದಲು ಒಳಹೋಗುವ ದಾರಿ. ಈ ಹೀರುವಿಕೆಯ ಸದ್ದು ನೂರೈವತ್ತು ಮೀಟರಿಗಿಂತಲೂ ದೂರ ಕೇಳಿಸುತ್ತದೆ. ಆಲಸ್ಯದ ಗುರುತೆಂದು ಭಾವಿಸಿದ ಉಗುರು ದುಡಿಮೆಯ ಸಲಕರಣೆ, ಕೊರತೆಯೆಂದು ಭಾವಿಸಿದ ತೆರವು ಆ ದುಡಿಮೆಯ ಫಲವನ್ನು ಉಣ್ಣುವ ಬಾಗಿಲು.

ಹೆಣ್ಣು ಕರಡಿ ತನ್ನ ಮರಿಗಳನ್ನು ಹಲವು ತಿಂಗಳ ಕಾಲ ಬೆನ್ನ ಮೇಲೆ ಹೊತ್ತು ಈ ಕೆಲಸ ಮಾಡುತ್ತದೆ. ಮರಿಗಳನ್ನು ಹೀಗೆ ರೂಢಿಯಾಗಿ ಬೆನ್ನಿಗೇರಿಸಿಕೊಂಡು ತಿರುಗುವ ಕರಡಿ ಜಗತ್ತಿನಲ್ಲಿ ಇದೊಂದೇ. ಶೀತದೇಶದ ಕರಡಿಗಳಂತೆ ಚಳಿಗಾಲವಿಡೀ ಗುಹೆಯಲ್ಲಿ ಮಲಗುವ ಪದ್ಧತಿಯೂ ಇದಕ್ಕಿಲ್ಲ. ಆ ದೀರ್ಘನಿದ್ರೆಯ ಕರಡಿಗಳಿಗೆ ಬಾರದ ಬಿರುದು ಹನ್ನೆರಡು ತಿಂಗಳೂ ಅಲೆಯುವ ಕರಡಿಗೆ ಬಂದಿರುವುದು ಶಬ್ದಚರಿತ್ರೆಯ ಒಂದು ವೈಚಿತ್ರ್ಯ.

ಈ ವೈಚಿತ್ರ್ಯಕ್ಕೆ ಬಳ್ಳಾರಿ ಸೀಮೆಯಲ್ಲಿಯೇ ಇನ್ನೊಂದು ಎಳೆ ದೊರೆಯುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದ. ವಿಲಿಯಂ ರೀವ್ ಅವನ ಸಹೋದ್ಯೋಗಿ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು. ಅದರ ಜ್ಞಾನೋಕ್ತಿಗಳ ಭಾಗದಲ್ಲಿ ಸೋಮಾರಿಗೆ ಹೇಳುವ ಪ್ರಸಿದ್ಧ ಬುದ್ಧಿವಾದ ಇರುವೆಯ ಬಳಿ ಹೋಗಿ ಕಲಿಯೆಂಬುದು. ಇಂಗ್ಲಿಷಿನಲ್ಲಿ ಸೋಮಾರಿಯೆನಿಸಿದ ನಮ್ಮ ಕರಡಿ ಯಾರ ಬುದ್ಧಿವಾದವೂ ಇಲ್ಲದೆ ದಿನರಾತ್ರಿ ಇರುವೆಯ ಬಳಿಗೇ ಹೋಗುತ್ತಿದೆ, ಹೋಗುವ ಕಾರಣ ಮಾತ್ರ ಬೇರೆ.

ಕನ್ನಡದ ತಕ್ಕಡಿ

ಕನ್ನಡವು ಈ ಪ್ರಾಣಿಯನ್ನು 'ಕರಡಿ' ಎಂದು ಕರೆದು ಸುಮ್ಮನಾಯಿತು. ನೆರೆಯ ತೆಲುಗು 'ಎಲುಗುಬಂಟಿ' ಎಂದಿತು. ಸಂಸ್ಕೃತದಲ್ಲಿ ಋಕ್ಷ, ಭಲ್ಲೂಕ, ಅಚ್ಛಭಲ್ಲ ಎಂಬ ಪರ್ಯಾಯಗಳಿವೆ. ಇವು ಯಾವುವೂ ಶೀಲದ ಮೇಲೆ ಕೊಟ್ಟ ತೀರ್ಪುಗಳಲ್ಲ. ರಾಮಾಯಣದ ಕಿಷ್ಕಿಂಧೆಯನ್ನು ಹಂಪಿಯ ಪರಿಸರದಲ್ಲಿ ಗುರುತಿಸುವ ಈ ಸೀಮೆಯ ಜನರಿಗೆ ಕರಡಿಯೆಂದರೆ ಮೊದಲು ನೆನಪಾಗುವವನು ಜಾಂಬವಂತ. ಕಡಲತಡಿಯಲ್ಲಿ ಎಲ್ಲರೂ ಕೈಚೆಲ್ಲಿ ಕುಳಿತಾಗ ಹನುಮಂತನಿಗೆ ಅವನ ಶಕ್ತಿಯನ್ನು ನೆನಪಿಸಿ ಎಬ್ಬಿಸಿದವನು ಆ ಮುದಿ ಕರಡಿ. ಜಡತೆಯನ್ನು ಕಳೆಯುವವನ ಪಾತ್ರ ಅದು. ಆದಿಜಾಂಬವರೆಂದು ಕರೆದುಕೊಳ್ಳುವ ಸಮುದಾಯ ತನ್ನ ಮೂಲಪುರುಷನನ್ನು ಜಾಂಬವನಲ್ಲಿಯೇ ಕಾಣುತ್ತದೆ. ತೊಗಲು ಹದಮಾಡುವ, ಕೃಷಿಕೂಲಿಯ ಕಷ್ಟದ ದುಡಿಮೆಯನ್ನು ತಲೆಮಾರುಗಳಿಂದ ಹೊತ್ತ ಜನ ಅವರು.

ಜೈನ ರಾಮಾಯಣಗಳ ನಿಲುವು ಈ ಸಂದರ್ಭದಲ್ಲಿ ಸ್ಮರಣೀಯ. ವಿಮಲಸೂರಿಯಿಂದ ರವಿಷೇಣನವರೆಗೆ, ಮುಂದೆ ಕನ್ನಡದ ನಾಗಚಂದ್ರನವರೆಗೆ, ಈ ಪರಂಪರೆಯಲ್ಲಿ ವಾನರರು ಮೃಗಗಳಲ್ಲ, ವಿದ್ಯಾಧರರು. ಅವರ ವಂಶದ ಅಮರಪ್ರಭನೆಂಬ ಅರಸ ಕಪಿಯ ಚಿತ್ರವನ್ನು ಧ್ವಜಕ್ಕೆ ಏರಿಸಿದ್ದರಿಂದ ಆ ಹೆಸರು ಬಂತೆಂಬುದು ಅಲ್ಲಿನ ವಿವರಣೆ. ಹೆಸರನ್ನು ಕೇಳಿದೊಡನೆ ಅದನ್ನೇ ಸ್ವಭಾವವೆಂದು ನಂಬಬಾರದು, ಹೆಸರು ಹೇಗೆ ಬಂತೆಂದು ವಿಚಾರಿಸಬೇಕು ಎಂಬ ವಿವೇಕ ಈ ವ್ಯಾಖ್ಯಾನದ ತಳದಲ್ಲಿದೆ. 1791ರ ನಾಮಕರಣಕ್ಕೆ ಕೊರತೆಯಾದದ್ದು ಇಂಥ ವಿಚಾರಣೆ.

ಇನ್ನು ಆಲಸ್ಯವನ್ನು ಹೇಳುವ ನಮ್ಮ ಪದಗಳನ್ನು ನೋಡಬಹುದು. 'ಸೋಮಾರಿ', 'ಸೋಂಬೇರಿ' ಎಂಬವು ದ್ರಾವಿಡ ಮೂಲದವು. ತಮಿಳು, ತೆಲುಗುಗಳಲ್ಲಿ ಇವುಗಳ ಬಂಧುಗಳಿವೆ. ನನಗೆ ಹೆಚ್ಚು ಅರ್ಥವತ್ತಾಗಿ ಕಾಣುವ ಪದ 'ಮೈಗಳ್ಳ'. ಮೈ ಮತ್ತು ಕಳ್ಳ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ಆದ ಸಮಾಸ ಇದು. ಮಾಡಬೇಕಾದ ಕೆಲಸದಿಂದ ತನ್ನ ಮೈಯನ್ನೇ ಕದ್ದುಕೊಳ್ಳುವವನು ಮೈಗಳ್ಳ. ಇಲ್ಲಿ ಅಪರಾಧವಾಗಿರುವುದು ಕಳವು. ಜೊತೆಯವರ ಪಾಲಿಗೆ ಸಲ್ಲಬೇಕಾದ ದುಡಿಮೆಯನ್ನು ಒಬ್ಬನು ಬಚ್ಚಿಟ್ಟುಕೊಂಡ ಎಂಬ ದೂರು ಈ ಪದದಲ್ಲಿದೆ. ನಿಧಾನವಾಗಿ ಕೆಲಸ ಮಾಡುವವನನ್ನು ಯಾರೂ ಮೈಗಳ್ಳನೆನ್ನುವುದಿಲ್ಲ. 'ನಿಧಾನವೇ ಪ್ರಧಾನ' ಎಂಬುದು ನಮ್ಮಲ್ಲಿ ಹಿರಿಯರ ಮಾತು. ಸಂಸ್ಕೃತದಲ್ಲಿ 'ನಿಧಾನ'ಕ್ಕೆ ನಿಧಿ, ನಿಕ್ಷೇಪ ಎಂಬ ಅರ್ಥವಿದೆ. ಕನ್ನಡದಲ್ಲಿ ಅದು ಸಾವಧಾನದ ಅರ್ಥವನ್ನು ಪಡೆಯಿತು.

ಬರಿದಾದ ತಲೆಯ ಇಂಗ್ಲಿಷ್ ನಾಣ್ಣುಡಿಗೆ ಸರಿಜೋಡಿ ಕನ್ನಡದಲ್ಲಿದೆ: 'ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ.' ಇವೆರಡರ ನಡುವಣ ಅಂತರ ಗಮನಾರ್ಹ. ಇಂಗ್ಲಿಷಿನದರಲ್ಲಿ ಕೈ ಖಾಲಿಯಾದೊಡನೆ ಸೈತಾನ ಬಂದು ಅಂಗಡಿ ತೆರೆಯುತ್ತಾನೆ. ಕನ್ನಡದ ಗಾದೆಯಲ್ಲಿ ಸೈತಾನನೂ ಇಲ್ಲ, ಪಾಪವೂ ಇಲ್ಲ. ಬಡಗಿ ಸೋಮಾರಿಯೂ ಅಲ್ಲ. ಅವನಿಗೆ ಕೆಲಸ ಸಿಕ್ಕಿಲ್ಲ, ಅಷ್ಟೆ. ಉಳಿಗೆ ಮರ ದೊರೆಯದಾಗ ಪಳಗಿದ ಕೈ ಸುಮ್ಮನಿರಲಾರದೆ ಎಡವಟ್ಟು ಮಾಡುತ್ತದೆ. ಇದು ನಿರುದ್ಯೋಗದ ಗಾದೆ, ಆಲಸ್ಯದ್ದಲ್ಲ. ಕೆಲಸ ಇಲ್ಲದವನನ್ನೂ ಕೆಲಸ ಮಾಡದವನನ್ನೂ ಬೇರೆಬೇರೆಯಾಗಿ ತೂಗುವ ತಕ್ಕಡಿ ಇದರಲ್ಲಿದೆ.

ಜೈನ ಆಚಾರಶಾಸ್ತ್ರದಲ್ಲಿ 'ಪ್ರಮಾದ' ದೊಡ್ಡ ದೋಷ. ಅದರ ಪ್ರಸಿದ್ಧ ವಿಂಗಡಣೆಯಲ್ಲಿ ಹದಿನೈದು ಭೇದಗಳಿವೆ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಸ್ನೇಹ. ಹದಿನೈದರಲ್ಲಿ ನಿದ್ರೆಗೆ ದೊರೆತದ್ದು ಒಂದೇ ಸ್ಥಾನ. ಕೋಪದಿಂದ ಕುದಿಯುತ್ತ ದಿನವಿಡೀ ಓಡಾಡುವವನೂ ಈ ಲೆಕ್ಕದಲ್ಲಿ ಪ್ರಮತ್ತನೇ. ಶ್ರಾವಕರಿಗೆ ಹೇಳಿದ ಅನರ್ಥದಂಡವಿರತಿ ಎಂಬ ವ್ರತದಲ್ಲಿ ದುಶ್ಚಿಂತನೆಯೂ, ನಿಷ್ಪ್ರಯೋಜಕವಾಗಿ ನೆಲ ಅಗೆಯುವ, ಮರ ಕಡಿಯುವಂಥ ಚಟುವಟಿಕೆಗಳೂ ಒಟ್ಟಿಗೆ ನಿಷಿದ್ಧವಾಗಿವೆ. ಅಂದರೆ ಚಟುವಟಿಕೆಯೆಂಬ ಮಾತ್ರಕ್ಕೆ ಅದು ಪುಣ್ಯವಲ್ಲ. ಮುನಿಗಳ ಈರ್ಯಾಸಮಿತಿಯಂತೂ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ಮೆಲ್ಲನೆ ನಡೆಯುವ ನಿಯಮ. ಮಂದಪಾದವೇ ಅಲ್ಲಿ ಶೀಲ. ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವೂ ದುಡಿಮೆಯನ್ನು ಅದರ ವೇಗದಿಂದ ಅಳೆಯಲಿಲ್ಲ. ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ.

ಹಾಗೆಂದು ನಮ್ಮ ಪರಂಪರೆ ನಿಧಾನವನ್ನು ಎಂದೂ ದೂರಲಿಲ್ಲವೆಂದು ಹೇಳುವಂತಿಲ್ಲ. ಆಕಾಶದಲ್ಲಿ ಒಂದು ಸುತ್ತಿಗೆ ಮೂವತ್ತು ವರ್ಷಗಳಷ್ಟು ತೆಗೆದುಕೊಳ್ಳುವ ಗ್ರಹವನ್ನು ಪ್ರಾಚೀನರು 'ಶನೈಶ್ಚರ', ಮೆಲ್ಲನೆ ಚರಿಸುವವನು, ಎಂದರು. 'ಮಂದ' ಎಂಬುದೂ ಅವನ ಹೆಸರೇ. ಆ ಗತಿವಾಚಕವೇ ಕಾಲಕ್ರಮದಲ್ಲಿ ಪೀಡೆಯ ಪರ್ಯಾಯವಾಗಿ, ಬಯ್ಗುಳವಾಗಿ ಉಳಿಯಿತು. ಕರಡಿಯ ವಿಷಯದಲ್ಲಿಯೂ ನಮ್ಮ ಕೈ ಪೂರ್ತಿ ಶುದ್ಧವಲ್ಲ. 'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ' ಎಂಬ ನುಡಿಗಟ್ಟಿನ ಕರಡಿ ಕಾಡುಪ್ರಾಣಿಯಲ್ಲ, ಕರಡಿ ಅಥವಾ ಕರಡೆ ಎಂಬ ಚರ್ಮವಾದ್ಯ ಎಂಬ ವಿವರಣೆಯಿದೆ. ಉತ್ತರ ಕರ್ನಾಟಕದ ಕರಡಿ ಮಜಲಿನಲ್ಲಿ ಆ ವಾದ್ಯದ ಗಂಭೀರ ನಾದವನ್ನು ಇಂದಿಗೂ ಕೇಳಬಹುದು. ವಾದ್ಯದ ಮೇಲಿನ ದೂರು ಶಬ್ದಸಾಮ್ಯದಿಂದ ಪ್ರಾಣಿಯ ತಲೆಗೆ ಬಂದಿದೆ.

ಮನುಷ್ಯರ ಮೇಲೆ ಬಿದ್ದ ಅದೇ ಪದ

ಪ್ರಾಣಿಗೆ ಒಂದು ತಪ್ಪು ಹೆಸರು ಬಂದರೆ ಅದಕ್ಕೇನೂ ತಿಳಿಯದು, ಇಷ್ಟು ವಿಚಾರ ಏಕೆ ಎಂದು ಕೇಳಬಹುದು. ಇದೇ ಪದಕುಟುಂಬ ಇದೇ ಸೀಮೆಯ ಮನುಷ್ಯರ ಮೇಲೆ ಪ್ರಯೋಗವಾದಾಗ ಏನಾಯಿತೆಂಬುದನ್ನು ನೋಡಿದರೆ ಉತ್ತರ ದೊರೆಯುತ್ತದೆ.

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದರು. ಕೂಡ್ಲಿಗಿ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಆರಂಭದಲ್ಲಿ ಪರಿಹಾರದ ವೆಚ್ಚವನ್ನು ಹತೋಟಿಗೆ ತರಲು ಸರ್ಕಾರವು ಸರ್ ರಿಚರ್ಡ್ ಟೆಂಪಲ್‌ನನ್ನು ಮದರಾಸು ಪ್ರಾಂತಕ್ಕೆ ಕಳುಹಿಸಿತು. ಅವನ ಸಲಹೆಯಂತೆ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ವಯಸ್ಕ ಗಂಡಸಿನ ದಿನಗೂಲಿಯನ್ನು ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಲಾಯಿತು. ನೆರವು ಸುಲಭವಾದರೆ ಅಗತ್ಯವಿಲ್ಲದವರೂ ಬರುತ್ತಾರೆ, ಜನ ದುಡಿಮೆಗೆ ಬೆನ್ನು ತಿರುಗಿಸುತ್ತಾರೆ ಎಂಬ ಭಯ ಇಂಥ ಕ್ರಮಗಳ ಹಿಂದಿತ್ತು. ಮನೆಯಿಂದ ದೂರದ ಶಿಬಿರಗಳಿಗೆ ಹೋದವರಿಗೆ ಮಾತ್ರ ಕೆಲಸ ಎಂಬ ಪರೀಕ್ಷೆಯೂ ಇದೇ ಅನುಮಾನದಿಂದ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನು ಇದೇ ತರ್ಕದ ಮೇಲೆ ನಿಂತಿತ್ತು: ನೆರವು ಪಡೆಯುವವನ ಸ್ಥಿತಿ ಅತಿ ಕಡಿಮೆ ಕೂಲಿಯ ದುಡಿಮೆಗಾರನ ಸ್ಥಿತಿಗಿಂತಲೂ ಕೀಳಾಗಿರಬೇಕು. ಸೈತಾನನ ಅಂಗಡಿಯ ನಾಣ್ಣುಡಿ ಹೀಗೆ ಆಡಳಿತದ ಸೂತ್ರವಾಯಿತು.

ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ವೈದ್ಯ ಕಾರ್ನಿಶ್, ಇಷ್ಟು ಆಹಾರದಲ್ಲಿ ದುಡಿಯುವ ಮೈ ಉಳಿಯಲಾರದೆಂದು ಬಲವಾಗಿ ವಿರೋಧಿಸಿದ. ಕೆಲವು ತಿಂಗಳ ಬಳಿಕ ಕೂಲಿಯ ಪ್ರಮಾಣವನ್ನು ಏರಿಸಬೇಕಾಯಿತು. ಅಷ್ಟರಲ್ಲಿ ಆದ ಹಾನಿ ಆಗಿಹೋಗಿತ್ತು. ಮಳೆಯಿಲ್ಲದೆ ಹೊಲದಲ್ಲಿ ಕೆಲಸವಿಲ್ಲದವನನ್ನು ಕೆಲಸ ಮಾಡದವನೆಂದು ಅನುಮಾನಿಸಿದ ತಕ್ಕಡಿ ಅದು. ಬಡಗಿಯ ಗಾದೆ ಗೊತ್ತಿದ್ದ ನಾಡಿನಲ್ಲಿ ಆ ತಕ್ಕಡಿಯ ಮುಳ್ಳು ಎಲ್ಲಿ ಓರೆಯಾಗಿದೆಯೆಂದು ಹೇಳಬಲ್ಲವರಿದ್ದರು. ಅವರನ್ನು ಕೇಳುವವರಿರಲಿಲ್ಲ. ವಸಾಹತು ನಾಡುಗಳ ಜನರ ಮೇಲೆ ಹೊರಿಸಿದ ಈ ಆಲಸ್ಯದ ಆರೋಪವನ್ನು ಮಲೇಷಿಯಾದ ಸಮಾಜಶಾಸ್ತ್ರಜ್ಞ ಸೈಯದ್ ಹುಸೇನ್ ಅಲಾಟಸ್ 1977ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಮಿಥ್ಯೆಯೆಂದು ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾನೆ. ಮಲಯ, ಜಾವಾ, ಫಿಲಿಪೀನ್ಸ್‌ಗಳ ರೈತರು ತಮ್ಮ ಹೊಲಗಳಲ್ಲಿ ದುಡಿಯುತ್ತಿದ್ದರು. ಐರೋಪ್ಯರ ತೋಟಗಳಲ್ಲಿ ಅವರು ಹೇಳಿದ ಷರತ್ತಿಗೆ ದುಡಿಯಲು ಒಪ್ಪದಿದ್ದುದೇ ಅವರ ಸೋಮಾರಿತನವೆನಿಸಿತು. ಕರಡಿಯ ಪ್ರಸಂಗಕ್ಕೂ ಇದಕ್ಕೂ ರೀತಿ ಒಂದೇ. ನೋಡುವವನು ಹಗಲಿನಲ್ಲಿ ಬರುತ್ತಾನೆ, ನೋಡಬೇಕಾದ ದುಡಿಮೆ ರಾತ್ರಿಯಲ್ಲಿ ನಡೆಯುತ್ತದೆ.

ಅನುವಾದಕರ ಹೊಣೆ

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಶಬ್ದಚರಿತ್ರೆಯಿಂದ ಎರಡು ಸಂಗತಿಗಳು ದೊರೆಯುತ್ತವೆ. ಒಂದು, ಭಾಷೆಯೊಂದರ ನುಡಿಗಟ್ಟನ್ನು ಇನ್ನೊಂದಕ್ಕೆ ತರುವಾಗ ಅದರೊಡನೆ ಅದರ ಪಾಪಪುಣ್ಯಗಳ ಪಟ್ಟಿಯೂ ಬರುತ್ತದೆ. 'ಸ್ಲಾತ್ ಬೇರ್' ಅನ್ನು 'ಸೋಮಾರಿ ಕರಡಿ' ಎಂದು ಬರೆಯುವವರು ನಿಘಂಟಿನ ದೃಷ್ಟಿಯಿಂದ ಸರಿ. ಆದರೆ ಅವರು ಅನುವಾದಿಸುತ್ತಿರುವುದು ಪ್ರಾಣಿಯ ಹೆಸರನ್ನಲ್ಲ, 1791ರ ಒಂದು ಪ್ರಮಾದವನ್ನು. ನಮ್ಮಲ್ಲಿ ಕಂಡುಬರುವ ಕರಡಿಗೆ 'ಕರಡಿ' ಎಂಬ ಹೆಸರೇ ಸಾಕು. ಬೇರೆ ದೇಶಗಳ ಕರಡಿಗಳಿಂದ ಬೇರ್ಪಡಿಸಿ ಹೇಳಬೇಕಾದ ಶಾಸ್ತ್ರೀಯ ಸಂದರ್ಭದಲ್ಲಿ ಅದರ ತುಟಿ, ಉಗುರು ಅಥವಾ ಆಹಾರವನ್ನು ಆಧರಿಸಿ ಹೆಸರಿಸಬಹುದು. ಬ್ಲಾನ್ವಿಲ್ ಎರಡು ಶತಮಾನಗಳ ಹಿಂದೆಯೇ ಆ ದಾರಿಯನ್ನು ತೋರಿಸಿದ್ದಾನೆ.

ಎರಡನೆಯದು ಬದುಕಿಗೆ ಸಂಬಂಧಿಸಿದ್ದು. ಕೂಡ್ಲಿಗಿ, ಸಂಡೂರು ಕಡೆಗಳಲ್ಲಿ ಹೊಲಕ್ಕೆ ಹೋದವರ ಮೇಲೆ, ಮುಂಜಾನೆ ಕತ್ತಲಲ್ಲಿ ಹೊರಟವರ ಮೇಲೆ ಕರಡಿ ಎರಗಿದ ಸುದ್ದಿ ಆಗಾಗ ಬರುತ್ತದೆ. ಬೆದರಿದಾಗ ಅದು ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು, ಮರಿಗಳಿದ್ದರೆ ಹಿಂದೆಗೆಯದು. 'ಸೋಮಾರಿ' ಎಂಬ ಹೆಸರನ್ನು ಪಾಠದಲ್ಲಿ ಓದಿ, ಜಡಪ್ರಾಣಿಯೆಂದು ನಂಬಿ ಬಂಡೆಯ ಬಳಿ ಹೋಗುವ ಹುಡುಗನಿಗೆ ಆ ಹೆಸರು ಅಪಾಯಕಾರಿ. ಬಂಡೆಗಳನ್ನು ಒಡೆದು, ಕುರುಚಲು ಸವರಿ, ಹಣ್ಣಿನ ಗಿಡಗಳಿಲ್ಲದಂತೆ ಮಾಡಿದ ಮೇಲೆ ಹೊಲದ ಶೇಂಗಾ, ಮೆಕ್ಕೆಜೋಳಕ್ಕೆ ಬರುವ ಕರಡಿಯನ್ನು ಪುಕ್ಕಟೆ ಕೂಳಿಗೆ ಬಂತೆಂದು ದೂರುವುದಕ್ಕೂ ಆ ಹೆಸರು ನೆವವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇದನ್ನು ಅತ್ಯುನ್ನತ ರಕ್ಷಣೆಯ ಮೊದಲ ಅನುಸೂಚಿಯಲ್ಲಿ ಇಟ್ಟಿದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಪಾಯದ ಅಂಚಿನ ಜೀವಿ. ಕಾಯ್ದೆ ಪ್ರಾಣವನ್ನು ರಕ್ಷಿಸಬಹುದು. ಹೆಸರಿನ ನ್ಯಾಯ ಮಾತ್ರ ಬರೆಯುವವರ, ಪಾಠ ಹೇಳುವವರ ಕೈಯಲ್ಲಿದೆ.

ಗುಡೇಕೋಟೆಯ ಬೆಟ್ಟದ ತಪ್ಪಲಿನಲ್ಲಿ ಬೆಳಗಿನ ಹೊತ್ತು ನಡೆದರೆ ರಾತ್ರಿ ಅಗೆದ ಹುತ್ತಗಳು ಕಾಣಸಿಗುತ್ತವೆ. ಕೆಂಪುಮಣ್ಣಿನ ಗೋಡೆಯಲ್ಲಿ ಉಗುರಿನ ಗೀರುಗಳು ಹಸಿಯಾಗಿರುತ್ತವೆ, ಪಕ್ಕದಲ್ಲಿ ಮಣ್ಣಿನ ರಾಶಿ ಇರುತ್ತದೆ. ಅಗೆದವನು ಅಷ್ಟು ಹೊತ್ತಿಗೆ ಗವಿ ಸೇರಿ ಮಲಗಿರುತ್ತಾನೆ.